ಅಕ್ಕನ ಆರುನೂರ ಹನ್ನೆರಡು ಮಾತು

ಟಕ್, ಟಕ್ — ಇದು ಮೇಜಿನ ಮೇಲಿನ ಸದ್ದೋ ಒಳಕೋಣೆಯದೋ, ಕೊನೆಯ ಸ್ಕ್ರೂ ಬಿಗಿಯುತ್ತಿದ್ದವಳು ಕೈ ನಿಲ್ಲಿಸಿ ತಲೆ ಓರೆ ಮಾಡಿ ಆಲಿಸಿದಳು, ಒಳಕೋಣೆಯದೇ, ಅಕ್ಕ ಸ್ಟೀಲ್ ಲೋಟಕ್ಕೆ ಚಮಚ ಬಡಿಯುತ್ತಿದ್ದಾಳೆ, ಎರಡು ಸಲ ಬಡಿದರೆ ಬಾ ಅಂತ, ಮೂರು ಸಲ ಬಡಿದರೆ ಕಿವಿ ಕೇಳಲ್ವೇನೇ ಅಂತ, ಗಂಟಲಿನ ಆಪರೇಷನ್ ಆಗಿ ಇಪ್ಪತ್ತೆರಡು ದಿನ, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಅಕ್ಕನಿಗೆ ಉಳಿದಿರುವ ಗಂಟಲು ಈ ಚಮಚ, ಬಂದೆ ಕಣೇ ಅಕ್ಕಾ, ಐದೇ ನಿಮಿಷ, ಐದು ನಿಮಿಷ ಎನ್ನುತ್ತಲೇ ಒಂಬತ್ತು ದಿನ ದೂಡಿದ್ದಾಳೆ, ಒಂಬತ್ತು ದಿನದಿಂದ ಈ ಹಾರ್ಡ್ ಡಿಸ್ಕ್ ಕೂಡ ಅಕ್ಕನ ಹಾಗೇ ಬಡಿದುಕೊಳ್ಳುತ್ತಿತ್ತು, ತಟ್ಟೆಯನ್ನು ಓದುವ ಹೆಡ್ಡು ಕೆಟ್ಟು, ದಾರಿ ಕಾಣದೆ ಹೋಗಿ ಬಂದು ಹೋಗಿ ಬಂದು ಟಕ್ ಟಕ್, ಆ ತಟ್ಟೆಯಲ್ಲಿ ಅಕ್ಕನ ಆರುನೂರ ಹನ್ನೆರಡು ಮಾತಿದೆ, ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯವರು ಕೊಟ್ಟ ಪಟ್ಟಿ ಹಿಡಿದು ಒಂದೊಂದಾಗಿ ಓದಿಸಿ ರೆಕಾರ್ಡ್ ಮಾಡಿದ್ದು, ಅದಿದ್ದರೆ ಮಾತಾಡುವ ಯಂತ್ರದೊಳಗೆ ಅಕ್ಕನದೇ ಧ್ವನಿ ಕೂರಿಸಬಹುದು, ಇಲ್ಲದಿದ್ದರೆ ಈಗ ಅದರೊಳಗೆ ಕೂತಿರುವ ಯಾರೋ ಹೆಂಗಸೇ ಗತಿ, ನಿಮ್ಮ ಕರೆ ನಮಗೆ ಮುಖ್ಯ ಎನ್ನುವ ಧಾಟಿಯಲ್ಲಿ ನನಗೆ ನೀರು ಬೇಕು ಎನ್ನುವವಳು — ಅಕ್ಕ ಒಂದು ಸಲ ಕೇಳಿದ್ದೇ ಮುಖ ಸಿಂಡರಿಸಿ ಯಂತ್ರವನ್ನು ದಿಂಬಿನ ಕೆಳಗೆ ತುರುಕಿದಳು, ಸ್ಲೇಟಿನ ಮೇಲೆ ಬರೆದಳು, ನನ್ನದು ಯಾವಾಗ, ನಾಳೆ ಎಂದಳು ಇವಳು, ಮಾರನೆಯ ದಿನವೂ ನಾಳೆ ಎಂದಳು. ಡಿಸ್ಕ್ ಕೆಟ್ಟಿದೆ ಎಂದು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಯಾವ ಬಾಯಲ್ಲಿ ಹೇಳುತ್ತಾಳೆ, ಬೀದಿಗೆಲ್ಲ ಡಿಸ್ಕ್ ಡಾಕ್ಟರು ಇವಳು, ಪ್ರತಿ ರಸೀದಿಯ ಕೆಳಗೆ ಎರಡು ಕಡೆ ಇಟ್ಟುಕೊಳ್ಳಿ ಎಂದು ಸೀಲು ಹೊಡೆಯುವವಳು, ಅಳುತ್ತಾ ಬಂದವರನ್ನು ಇನ್ನೊಂದು ಪ್ರತಿ ಎಲ್ರೀ ಎಂದು ಗದರಿಸಿಯೇ ಕೂರಿಸುವವಳು, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ, ತನ್ನದು ಮಾತ್ರ ಒಂದೇ ಒಂದು ಪ್ರತಿ, ಡಿಸ್ಕಿಗೆ ಇಳಿಸಿದ ಕೂಡಲೇ ರೆಕಾರ್ಡರನ್ನು ಅಳಿಸಿ ಚೊಕ್ಕಟ ಮಾಡಿಟ್ಟಿದ್ದಳು, ಕೈ ತಾನಾಗಿ ಮಾಡಿತು, ಅಕ್ಕ ಸಾಕಿದ ಕೈ, ಈ ಮನೆಯಲ್ಲಿ ಯಾವುದೂ ಎರಡಿರಕೂಡದು, ಒಂದು ಕತ್ತರಿ, ಒಂದು ಬಾಚಣಿಗೆ, ಒಂದು ಕೊಡೆ, ಎರಡಿದ್ರೆ ಎರಡೂ ಕಳೆದುಹೋಗುತ್ತೆ ಕಣೇ, ಒಂದಿದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀವಿ, ಅಮ್ಮ ಹೋದ್ಮೇಲೆ ನಂಗೂ ನೀನೊಬ್ಬಳೇ ಅಲ್ವಾ, ಕಳ್ಕೊಂಡಿದ್ದೀನಾ — ಇಲ್ಲ, ಅಕ್ಕ ಕಳೆದುಕೊಳ್ಳಲಿಲ್ಲ, ಇವಳೇ ಆಸ್ಪತ್ರೆಯ ಚೀಲದ ತಳದಲ್ಲಿ ಟವೆಲ್ ಸುತ್ತಿಟ್ಟ ಡಿಸ್ಕನ್ನು ಚೀಲದ ಸಮೇತ ಮೆಟ್ಟಿಲ ಮೇಲಿಂದ ಉರುಳಿಸಿದ್ದು, ಅದೂ ಅಕ್ಕನದು ಎಂಥ ಧ್ವನಿ, ಈಜುಕೊಳದ ಆ ತುದಿಯಲ್ಲಿ ನಿಂತು ಕಾಲಾಡ್ಸೇ ಎಂದರೆ ಈ ತುದಿಯಲ್ಲಿ ದಡದ ಮೇಲೆ ಕೂತವರೂ ಕಾಲಾಡಿಸಬೇಕು, ಮೂವತ್ತು ವರ್ಷ ಈಜು ಕಲಿಸಿದಳು, ಒಂದು ಸೀಟಿ ಇಟ್ಟುಕೊಳ್ಳಲಿಲ್ಲ, ಗಂಟಲಿದ್ಮೇಲೆ ಸೀಟಿ ಯಾಕೆ, ಎರಡೆರಡು ಬೇಡ ನಂಗೆ. ಕೆಟ್ಟ ಹೆಡ್ಡು ಬದಲಿಸಬೇಕಾದರೆ ಅದೇ ಮಾಡೆಲಿನ, ಅದೇ ಕಾರ್ಖಾನೆಯಿಂದ ಅದೇ ವಾರ ಹೊರಬಿದ್ದ ಇನ್ನೊಂದು ಡಿಸ್ಕ್ ಬೇಕು, ಎಂಟು ದಿನ ಅಂಗಡಿ ಅಂಗಡಿ ತಿರುಗಿದಳು, ಫೋನು ಹಿಡಿದು ಹಿಡಿದು ಕಿವಿ ಬಿಸಿಯಾಯಿತು, ಎಲ್ಲೂ ಇಲ್ಲ, ನಿನ್ನೆ ಮಧ್ಯಾಹ್ನ ಬಾಗಿಲ ಹಿಂದೆ ನೇತಾಡುತ್ತಿದ್ದ ಒಂಟಿ ಕೊಡೆ ಕಣ್ಣಿಗೆ ಬಿದ್ದು ತಟ್ಟನೆ ಹೊಳೆಯಿತು, ಎರಡು ತಂದಿದ್ದೆ, ಜೋಡಿ ಕೊಂಡರೆ ಅಗ್ಗ ಎಂದು ಎರಡು ಡಿಸ್ಕ್ ತಂದಿದ್ದೆ, ಎರಡನೇದು ಯಾಕೇ ಎಂದು ಅಕ್ಕ ಅದನ್ನು ಎದುರು ಸ್ಟುಡಿಯೋದ ಫೋಟೋದವನಿಗೆ ಕೊಡಿಸಿಬಿಟ್ಟಿದ್ದಳು, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು, ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಓಡಿದಳು, ನಿನ್ನ ಡಿಸ್ಕ್ ಬೇಕು ಕಣೋ, ಬಿಚ್ಚಿದ್ರೆ ವಾಪಸ್ ಬರಲ್ಲ, ನಿನ್ನ ಫೋಟೋಗಳು — ಅವನು ಆಗಲೇ ತಂತಿ ಕೀಳುತ್ತಿದ್ದ, ಫೋಟೋ ಎಲ್ಲಾ ಇನ್ನೊಂದು ಕಡೆ ಇದೆ ಡಾಕ್ಟ್ರೇ, ನಿಮ್ಮ ರಸೀದೀಲೇ ಓದಿದ್ದು, ತಗೊಂಡು ಹೋಗಿ, ಮೇಡಂ ಹತ್ರ ಬೈಸ್ಕೊಳ್ದೆ ನಂಗೆ ದಿನಾನೇ ಶುರುವಾಗ್ತಿಲ್ಲ. ಅವನೂ ಒಂದು ಕಾಲದಲ್ಲಿ ಅಕ್ಕನ ಕೊಳದಲ್ಲಿ ನೀರು ಕುಡಿದವನೇ.

ಈಗ ಆ ಹೆಡ್ಡು ಈ ಡಿಸ್ಕಿನೊಳಗಿದೆ, ಬೆಳಗ್ಗೆ ಗಾಜಿನ ಪೆಟ್ಟಿಗೆಗೆ ಕೈ ತೂರಿಸಿ, ಒಂದು ಕಣ ಧೂಳು ಬಿದ್ದರೂ ಮುಗಿಯಿತು ಎಂದು ಉಸಿರನ್ನೂ ಅಳೆದು ಬಿಡುತ್ತಾ ಕೂರಿಸಿದ್ದು, ಇರುವುದು ಒಂದೇ ಸಲ, ಹೆಡ್ಡು ಜಾರಿದರೆ ತಟ್ಟೆ ಗೀಚಿಹೋಗುತ್ತದೆ, ಗೀಚಿದಲ್ಲಿ ಅಕ್ಕ ಇರುವುದಿಲ್ಲ, ನೀರಿಗೆ ಬಿದ್ಮೇಲೆ ಯೋಚ್ನೆ ಮಾಡ್ಬೇಡ, ಕಾಲಾಡ್ಸು, ಏಳು ವರ್ಷದವಳನ್ನು ಕೊಳಕ್ಕೆ ತಳ್ಳಿ ಅಕ್ಕ ಕೂಗಿದ್ದು, ಸರಿ, ಯೋಚನೆ ಮಾಡುವುದಿಲ್ಲ, ಸ್ವಿಚ್ ಒತ್ತಿದಳು, ತಟ್ಟೆ ತಿರುಗಿತು, ಈಗ ಬಡಿಯುತ್ತದೆ, ಈಗ — ಟಣ್, ಅಯ್ಯೋ, ಅಲ್ಲ, ಚಮಚ, ಒಂದ್ನಿಮಿಷ ಸುಮ್ನಿರೇ ಅಕ್ಕಾ, ಎಂದವಳು ನಾಲಿಗೆ ಕಚ್ಚಿಕೊಂಡಳು, ಯಾರಿಗೆ ಏನು ಹೇಳಿದೆ, ಮತ್ತೆ ಕಿವಿಗೊಟ್ಟಳು, ಟಕ್ ಇಲ್ಲ, ಇಲ್ಲವೇ ಇಲ್ಲ, ಸಣ್ಣಗೆ ಗುಂಯ್ ಎನ್ನುತ್ತಿದೆ, ಪರದೆಯ ಮೇಲೆ ಡಿಸ್ಕಿನ ಹೆಸರು ಬಂತು, ಅದರ ಕೆಳಗೆ ಒಂದು, ಎರಡು, ನಲವತ್ತು, ಬಾ ಬಾ ನನ್ನ ರಾಜಾ, ಮುನ್ನೂರು, ಒಂದು ಪ್ರತಿ ಈ ಕಡೆಗೆ, ಇನ್ನೊಂದು ಆ ಕಡೆಗೆ, ಎರಡು ಯಾಕೇ ಎಂದು ಅಕ್ಕ ಬೈದರೆ ಬೈಯಲಿ, ಬೈಯಲಿ ಎಂದೇ ಅಲ್ಲವೇ ಇಷ್ಟು ಪಾಡು, ಆರುನೂರ ಹತ್ತು ಬಂದವು, ಎರಡು ಬರಲಿಲ್ಲ, ಯಾವುವು ಎಂದು ನೋಡಿದರೆ ಒಂದು ದಯವಿಟ್ಟು, ಇನ್ನೊಂದು ಕ್ಷಮಿಸಿ, ಅವಳು ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕಳು, ಅಕ್ಕ ಜನ್ಮದಲ್ಲಿ ಬಳಸದ ಎರಡೇ ಮಾತು, ಹೋದರೆ ಹೋಗಲಿ, ಗೆದ್ದೆ, ಗೆದ್ದುಬಿಟ್ಟೆ, ಮೈಯೆಲ್ಲ ಹಗುರವಾಗಿದೆ, ಕೊಳದ ಆ ದಡ ಮೊದಲ ಸಲ ಕೈಗೆ ಸಿಕ್ಕ ದಿನದ ಹಾಗೆ, ಯಾವುದನ್ನು ಮೊದಲು ಹಾಕಲಿ, ಕೊನೆಯದು, ಆರುನೂರ ಹನ್ನೆರಡು, ಅದು ಪಟ್ಟಿಯಲ್ಲಿರಲಿಲ್ಲ, ಇಷ್ಟ ಬಂದದ್ದು ಹೇಳಿ ಎಂದು ಆಸ್ಪತ್ರೆಯವರು ಬಿಟ್ಟಿದ್ದ ಜಾಗ, ಅಕ್ಕ ನೀರು ತಾ ಎಂದು ಇವಳನ್ನು ಹೊರಗಟ್ಟಿ ತಾನೇ ಗುಂಡಿ ಒತ್ತಿ ಹೇಳಿದ್ದಳು, ಇವಳು ಕೇಳಿಯೇ ಇಲ್ಲ, ಒಳಗೆ ಟಣ್, ಟಣ್, ಬಂದೆ, ಇಗೋ ಬಂದೆ, ನಾನಲ್ಲ, ನೀನೇ ಬರ್ತಿದ್ದೀಯ, ಸ್ಪೀಕರಿನ ಸದ್ದಿನ ತಿರುಪನ್ನು ತಿರುಗಿಸುವಷ್ಟೂ ತಿರುಗಿಸಿ ಒತ್ತಿದಳು — ಲೇ, ಇದೊಂದನ್ನ ಮಾತ್ರ ಎರಡು ಕಡೆ ಇಡೇ — ಗೋಡೆಗಳು ನಡುಗಿದವು, ಕಿಟಕಿ ದಾಟಿ ಬೀದಿಗೆ ಬಿತ್ತು, ಎದುರು ಸ್ಟುಡಿಯೋದವನು ಕ್ಯಾಮೆರಾ ಹಿಡಿದೇ ಹೊಸ್ತಿಲಿಗೆ ಓಡಿ ಬಂದು ಬಂದೆ ಮೇಡಂ ಎಂದ, ಇವಳಿಗೆ ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ, ಎರಡು ಕಡೆ ಇಡು ಎಂಬ ಮಾತನ್ನೇ ಒಂದು ಕಡೆ ಇಟ್ಟು ಉರುಳಿಸಿದ್ದೆನಲ್ಲ, ಇಟ್ಟಿದ್ದೀನಿ ಕಣೇ, ಈಗ ಇಟ್ಟಿದ್ದೀನಿ, ಎನ್ನುತ್ತಾ ಒಳಕೋಣೆಯ ಬಾಗಿಲಿಗೆ ಓಡಿದಳು, ಮೂರನೆಯ ಟಣ್ ಬರಬೇಕಿತ್ತು, ಬರಲಿಲ್ಲ, ಅಕ್ಕ ಮಂಚದ ಮೇಲೆ ನೆಟ್ಟಗೆ ಕೂತಿದ್ದಾಳೆ, ತನ್ನ ಧ್ವನಿ ಬಂದ ಕಡೆಗೇ ಕಣ್ಣರಳಿಸಿ, ಬಾಯಿ ಅರ್ಧ ತೆರೆದಿದೆ, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಚಮಚ, ಲೋಟದ ಮೇಲೆ ಗೇಣೆತ್ತರಕ್ಕೆ ಎತ್ತಿದ ಚಮಚ, ಕೆಳಗಿಳಿಯದೆ, ಬಡಿಯದೆ, ಅಲ್ಲೇ, ಚಮಚ