ಅಪ್ಪಿಯ ಅಳತೆ

ಚಪ್ಪಲಿ, ಮತ್ತೆ ಅದೇ ಚಪ್ಪಲಿ, ಹೊಸ್ತಿಲ ಒಳಗೆ ಒಂದು ಜೊತೆ, ಕೆಂಪು ಬಣ್ಣದ್ದು, ಈ ಸಲ ತುಸು ದೊಡ್ಡದು, ಕ್ಯಾಮೆರಾ ಅಲ್ಲಿಂದ ಕದಲುವುದಿಲ್ಲ, ಸಂಗೀತವೂ ಇಲ್ಲ, ದಿಶಾ ಸೋಫಾದ ಮೇಲೆ ಕಾಲು ಮಡಚಿ ಕೂತು ಉಸಿರು ಬಿಗಿಹಿಡಿದಿದ್ದಾಳೆ — ಎಂಥ ಧೈರ್ಯ ಈ ಜಪಾನಿ ನಿರ್ದೇಶಕನಿಗೆ, ದೆವ್ವದ ಸಿನಿಮಾ ಮಾಡಿ ದೆವ್ವವನ್ನೇ ತೋರಿಸದಿರಲು. ಚಿಕ್ಕಂದಿನಲ್ಲೇ ಸತ್ತ ಮಗಳು ದಿನಾ ಸಂಜೆ ಮನೆಗೆ ಬರುತ್ತಾಳೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಬೆಳೆಯುತ್ತಿದ್ದಾಳೆ, ತಾಯಿ ವರ್ಷಕ್ಕೊಮ್ಮೆ ಪೇಟೆಗೆ ಹೋಗಿ ಮುಂದಿನ ನಂಬರಿನ ಚಪ್ಪಲಿ ತರುತ್ತಾಳೆ, ಅಷ್ಟೇ ಕಥೆ. ಯೇ ಹಾರರ್ ಹೈ ಕ್ಯಾ, ಪಕ್ಕದಲ್ಲಿ ಹಿತೇಶ್, ಅಮ್ಮನ ಅಣ್ಣನ ಮಗ, ಭಾನುವಾರದ ಮೀನು ಸಾರಿಗೆಂದೇ ಮಾಜಿವಾಡಾದಿಂದ ಕೋಪರಖೈರಣೆಯ ಈ ಮನೆಗೆ ಬರುವವನು, ಒಂದು ಚೀರಾಟ ಇಲ್ಲ, ಖೂನ್ ಇಲ್ಲ, ಇದು ಚಪ್ಪಲಿ ಅಂಗಡಿಯ ಜಾಹೀರಾತು ದೀದಿ. ಬೆಚ್ಚಿಬೀಳೋದಕ್ಕೆ ಕುಕ್ಕರ್ ಸೀಟಿ ಸಾಕು ಮಾರಾಯ, ಅದಕ್ಕೆ ಸಿನಿಮಾ ಯಾಕೆ, ದಿಶಾ ಕಣ್ಣು ಕದಲಿಸದೆ, ಚಪ್ಪಲಿ ಅಂಗಡಿಯವನು ಮಗೂಗೆ ಎಷ್ಟು ವರ್ಷ ಅಂತ ಕೇಳಿರ್ತಾನಲ್ಲ, ಆ ತಾಯಿ ಎಂತ ಹೇಳಿರ್ತಾಳೆ ಯೋಚಿಸು, ಅದು ಹಾರರ್. ಅದು ಸ್ಯಾಡ್, ಸ್ಯಾಡ್ ಕೋ ಹಾರರ್ ಮತ್ ಬೋಲೋ. ಹುಡುಗ ದಡ್ಡನಲ್ಲ, ದುಃಖ ಎಲ್ಲಿ ಮುಗಿದು ಭಯ ಎಲ್ಲಿ ಶುರುವಾಗುತ್ತದೆ, ಬಹುಶಃ ದುಃಖಕ್ಕೆ ನಂಬರು ಬೇಕಾಗುವಲ್ಲಿ — ಪಾಪ, ಆ ಹುಡುಗಿಗೆ ಈಗ ಎಷ್ಟು ಪ್ರಾಯ, ಹಿಂದಿನಿಂದ ಅಮ್ಮ, ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಯಾವಾಗಿನಿಂದ ನಿಂತಿದ್ದಳೋ, ಇಪ್ಪತ್ತು ದಾಟಿರ್ಬೇಕಲ್ಲ, ಅವರಲ್ಲಿ ಮದುವೆ ಮಾಡಿಸುವ ಕ್ರಮ ಇಲ್ವಾ? ಹಿತೇಶ್‌ಗೆ ನಗು ಗಂಟಲಲ್ಲಿ ಸಿಕ್ಕಿ ಕೆಮ್ಮು, ಅತ್ತೆ, ಡೈರೆಕ್ಟರ್ ಕೋ ಫೋನ್ ಲಗಾವೂಂ ಕ್ಯಾ, ದಿಶಾಳಿಗೆ ನಗಲಾಗುವುದಿಲ್ಲ, ಅಮ್ಮ ನೋಡುತ್ತಿರುವುದು ಟೀವಿಯನ್ನಲ್ಲ, ತನ್ನನ್ನು.

ಸಂಜೆಯೊಳಗೆ ಬರುತ್ತೇನೋ ಇಲ್ಲವೋ ಹೇಳಬೇಕು, ಕಲ್ಯಾಣ ಪೇಟೆಯಲ್ಲಿ ಗಂಡಿನ ಕಡೆಯವರು ಕಾಯುತ್ತಿದ್ದಾರೆ. ದಿಶಾಳಿಗಿಂತ ಮೊದಲು ಹುಟ್ಟಿದ ಅಕ್ಕ ಅಪ್ಪಿ, ತೊಟ್ಟಿಲಲ್ಲೇ ಜ್ವರ ಬಂದು ಹೋದವಳು, ಒಂದು ಫೋಟೋ ಕೂಡ ಇಲ್ಲ, ಅವಳಿಗೀಗ ಗಂಡು ಸಿಕ್ಕಿದೆ, ಕಲ್ಯಾಣದ ಚೆನ್ನಯಣ್ಣನ ಮಗ, ಅವನೂ ಮಗುವಾಗಿದ್ದಾಗಲೇ ಕಾಮಾಲೆಯಲ್ಲಿ ಸತ್ತವನು — ಸತ್ತ ಮಕ್ಕಳಿಗೂ ಅಲ್ಲಿ ಪ್ರಾಯ ಬರುತ್ತದೆ, ಮದುವೆ ಮಾಡದಿದ್ದರೆ ಒಡಹುಟ್ಟಿದವರ ಮದುವೆಗೆ ಅಡ್ಡ ನಿಲ್ಲುತ್ತವೆ, ಊರಿನ ಈ ನಂಬಿಕೆ ಹಾರ್ಬರ್ ಲೈನಿನ ಲೋಕಲ್ ರೈಲಿಗೆ ಟಿಕೆಟ್ಟು ತೆಗೆದು ಇಲ್ಲಿಗೂ ಬಂದಿದೆ. ಹುಡುಗ ಒಳ್ಳೆಯವನಂತೆ, ಅಂದಿದ್ದಳು ಅಮ್ಮ ಹೋದ ವಾರ, ದಿಶಾ ಕಿರುಚಿದ್ದಳು, ನನ್ನ ಎರಡು ಸಂಬಂಧ ತಪ್ಪಿದ್ದು ನಾನು ಅವರಿಗೆ ಹಿಡಿಸಲಿಲ್ಲ ಅಂತ, ಅದನ್ನು ತೊಟ್ಟಿಲ ಮಗುವಿನ ತಲೆಗೆ ಕಟ್ಟಬೇಡ, ನಾನು ಬರುವುದಿಲ್ಲ. ಮದುಮಗಳ ಸೀರೆ ರವಿಕೆಯನ್ನು ಹರಿವಾಣದಲ್ಲಿ ಹೊತ್ತು ತಂದು, ಮದುಮಗಳ ಬದಲಿಗೆ ಇಟ್ಟ ಖಾಲಿ ಕುರ್ಚಿಯ ಮೇಲೆ ಇಡಬೇಕಾದವಳು ತಂಗಿ, ತಂಗಿ ಒಲ್ಲೆ ಅಂದರೆ ಅವರು ಬೇರೆ ಹುಡುಗಿ ನೋಡುತ್ತಾರೆ, ಸತ್ತವರಿಗೂ ಒಳ್ಳೆಯ ಸಂಬಂಧ ಸುಲಭಕ್ಕೆ ಸಿಗುವುದಿಲ್ಲ ಮಾರಾಯ್ತಿ, ಅಮ್ಮ ಇದನ್ನು ತಮಾಷೆಗೆ ಹೇಳಿರಲಿಲ್ಲ.

ನೀನು ಬರ್ತಿಯೋ ಬಿಡ್ತಿಯೋ, ಅಳತೆ ಮಾತ್ರ ಕೊಡು, ಟೈಲರಿಗೆ ಇವತ್ತೇ ಹೇಳ್ಬೇಕು, ಅಮ್ಮನ ಕೈಯಲ್ಲಿ ಹಳದಿ ಟೇಪು. ನಿನ್ನ ಹಳೇ ರವಿಕೆ ಕೊಟ್ರೆ ಆಗುದಿಲ್ಲ, ಅವಳದ್ದು ಅಪ್ಪನ ಹಾಗೆ ಭುಜ ಸ್ವಲ್ಪ ಅಗಲ, ಎದ್ದು ನಿಲ್ಲು. ಅಗಲ — ಯಾರ ಭುಜ, ಯಾವಾಗ ನೋಡಿದೆ ಅಮ್ಮ, ಇಷ್ಟು ವರ್ಷ ನನಗೆ ಶಾಲೆಯ ಯೂನಿಫಾರ್ಮು ಹೊಲಿಸುವಾಗೆಲ್ಲ ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿಕೊಂಡು ಮನಸ್ಸಲ್ಲೇ ಅಳೆದೆಯಾ, ಕಣ್ಣೀರು ಹಾಕದೆ, ನಮಗೆ ಗೊತ್ತಾಗಗೊಡದೆ, ಈ ಹೆಂಗಸಿನ ಮುಂದೆ ಆ ಜಪಾನಿ ಏನೂ ಅಲ್ಲ, ಅವನಿಗೆ ಕ್ಯಾಮೆರಾವಾದರೂ ಇತ್ತು. ದಿಶಾ ಎದ್ದು ನಿಂತಳು, ಟೀವಿಯಲ್ಲಿ ಯಾರೋ ಬಾಗಿಲು ಸರಿಸಿದರು, ಹಿತೇಶ್ ನಗುತ್ತಿಲ್ಲ, ಟೇಪು ಬೆನ್ನ ಮೇಲೆ ತಣ್ಣಗೆ ಹರಿಯಿತು, ಭುಜ ದಾಟಿ ಬೆರಳಷ್ಟು ಗಾಳಿಯಲ್ಲಿ ಮುಂದೆ ಹೋಗಿ ನಿಂತಿತು. ಕಲ್ಯಾಣಕ್ಕೆ ಫೋನ್ ಮಾಡು, ಹರಿವಾಣ ನಾನೇ ಹೊರ್ತೇನೆ, ತನ್ನ ಬಾಯಿಂದಲೇ ಬಂತಾ ಇದು, ನಂಬಿಕೆ ಬಂದಿಲ್ಲ, ಬರುವುದೂ ಇಲ್ಲ. ಅಮ್ಮ ಆಶ್ಚರ್ಯಪಡಲಿಲ್ಲ, ಹೂಂ ಅಂದಳು, ಕೈ ಎತ್ತು ಅಂದಳು, ಕಂಕುಳ ಕೆಳಗೆ ಬೆರಳಿಟ್ಟು, ಇಲ್ಲಿ ಒಳಗೆ ಎರಡಿಂಚು ಬಟ್ಟೆ ಬಿಡ್ಲಿಕ್ಕೆ ಹೇಳ್ತೇನೆ, ಮದುವೆ ಆದ್ಮೇಲೆ ಮೈ ಬರ್ತದಲ್ಲ ಅವಳಿಗೆ, ಬಿಚ್ಚಿ ಹೊಲ್ಕೊಳ್ಳಿಕ್ಕೆ ಬೇಕಾಗ್ತದೆ. ಎರಡಿಂಚು, ಒಳಗೆ ಮಡಚಿದ್ದು, ಯಾರಿಗೂ ಕಾಣದ್ದು, ಅಲ್ಲಿ ಕೂತು ಬಿಚ್ಚುವವರು ಯಾರು, ಒಂದು ಕೈ, ಬಳೆಯಿರುವ ಕೈ, ಹೊಲಿಗೆ ಬಿಚ್ಚುತ್ತ, ದಿಶಾಳಿಗೆ ಕಾಣುತ್ತಿದೆ ಆ ಎರಡಿಂಚು ಬಟ್ಟೆ —