ತಪಾಸಣೆಯ ದಿನದ ಕೋಟು

“ಮೈಗೆ ತಾಗುಸ್ಬ್ಯಾಡ್ರೋ ಸೂಳೆಮಕ್ಳಾ, ಕೋಟು ಕೊಳೆಯಾಯ್ತದೆ.”

ಮೈಗೆ ತಾಗದಂತೆ ಕೋಟು ತೊಡುವುದು ಹೇಗೆಂದು ಉಗ್ರಾಣದ ಜಮಾದಾರ ತೋಶ್ಮತ್ ಹೇಳಲಿಲ್ಲ. ಹತ್ತಿ ತುಂಬಿದ ಹೊಸ ಕೋಟುಗಳನ್ನು ಸಾಲಾಗಿ ನಿಂತಿದ್ದ ನಮ್ಮ ಎದೆಗೆ ಎಸೆಯುತ್ತ ಹೋದ. ಮಧ್ಯಾಹ್ನ ರಾಜಧಾನಿಯಿಂದ ತಪಾಸಣೆಗೆ ಕರ್ನಲ್ ಬರುವವನಿದ್ದ.

“ಸಂಜೆಗೆ ವಾಪ್ಸು. ಗುಂಡಿ ಕಿತ್ತೋದ್ರೆ ಚರ್ಮ ಕೀಳ್ತೀನಿ.”

ಹೋದ ವರ್ಷದ ಕೋಟುಗಳೂ ಹೀಗೇ ವಾಪಸು ಹೋಗಿ ಕೆಳಗಿನ ಪೇಟೆಯ ಸಂತೆಯಲ್ಲಿ ನೇತಾಡಿದ್ದವು. ನಮ್ಮ ಸಂಬಳಕ್ಕೆ ಒಂದು ತೋಳೂ ಬರುತ್ತಿರಲಿಲ್ಲ. ನಮ್ಮ ಜೊತೆಯ ಸಿಪಾಯಿ ಗುಲ್‌ನಜರನ ತಾಯಿ ಮೇಕೆ ಮಾರಿ ಒಂದನ್ನು ಕೊಂಡು ಮಗನಿಗೆ ಕಳಿಸಿದ್ದಳು. ಸರ್ಕಾರಿ ಮಾಲು ನಿನ್ನವ್ವನ ಕೈಗೆ ಹೇಗೆ ಬಂತೆಂದು ಕೇಳಿ ತೋಶ್ಮತ್ ಅದನ್ನೂ ಕಿತ್ತುಕೊಂಡ. ಆ ಚಳಿಗಾಲ ಮೇಲಿನ ಗಡಿಕಾವಲಿನಲ್ಲಿ ಹತ್ತಿದ ಕೆಮ್ಮು ಗುಲ್‌ನಜರನನ್ನು ಇನ್ನೂ ಬಿಟ್ಟಿರಲಿಲ್ಲ. ಈ ಸಂಜೆಯ ಲಾರಿಯಲ್ಲಿ ಅವನು ಮತ್ತೆ ಅಲ್ಲಿಗೇ ಹೋಗಬೇಕಿತ್ತು.

“ಸಾಹೇಬ್ರೆ, ನಂದೊಂದು ಬಿಟ್ಬುಡಿ. ಮ್ಯಾಲಕ್ ಹೋಗ್ಬೇಕು,” ಅಂದ.

“ಪಾಮಿರ್ ಬೆಟ್ಟದೋನಲ್ವೇನ್ಲಾ, ಹಿಮದಾಗೇ ಹುಟ್ಟಿದೋನು. ನಿಮ್ಮವ್ವ ಇನ್ನೊಂದು ಮೇಕೆ ಮಾರ್ಲಿ.”

ಗುಲ್‌ನಜರ್ ಕೆಮ್ಮಿದ.

ತೋಶ್ಮತ್ ನನ್ನತ್ತ ತಿರುಗಿದ. “ಏನಯ್ಯ ಡಿಗ್ರಿ ಮಾಡ್ದೋನೆ, ಕಕ್ಕಸು ತೊಳೆದ್ಯಾ? ಕರ್ನಲ್ ಸಾಹೇಬ್ರ ಮೂಗು ಬಲೇ ನಾಜೂಕು.”

ಹಾಗಂದು ಕುರಿ ಕೊಯ್ಯಿಸಲು ಅಡುಗೆಮನೆಗೆ ಹೋದ.

ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ನಾನು ಕಕ್ಕಸಿಗೆ ಒಯ್ಯಲಿಲ್ಲ. ನೀರು ಹಾಕಿ ಕಲಸಿ ಬ್ಯಾರಕ್ಕಿನ ನಡುವೆ ಇಟ್ಟೆ. ಅದರಲ್ಲಿ ಬೆಂಕಿಕಡ್ಡಿ ಅದ್ದಿ, ಕೊಟ್ಟ ಬಟ್ಟೆಯೊಳಗೆ ಹೆಸರು ಬರೆದುಕೊಳ್ಳುವುದು ಸೈನ್ಯದ ಕಟ್ಟಳೆ. ಬಣ್ಣ ಸುಟ್ಟು ಅಕ್ಷರ ಬೆಳ್ಳಗೆ ಏಳುತ್ತದೆ. ಯಾವ ಅಗಸ ಒಗೆದರೂ ಹೋಗುವುದಿಲ್ಲ. ನಮ್ಮ ಹರಕು ಚಡ್ಡಿಗಳಲ್ಲೆಲ್ಲ ನಮ್ಮ ಹೆಸರುಗಳಿದ್ದವು. ಹೊಸ ಕೋಟಿನಲ್ಲಿ ಯಾರದೂ ಇರಲಿಲ್ಲ.

“ಹೊಡೀತಾನೆ ಕಣಣ್ಣ,” ಅಂದ ಗುಲ್‌ನಜರ್.

“ಬರೀದಿದ್ರೆ ಮುದ್ದಾಡ್ತಾನಾ?”

ಅವನು ಕಡ್ಡಿ ತೆಗೆದುಕೊಂಡ. ಅಸ್ತರಿನ ಉದ್ದಗಲಕ್ಕೂ ತನ್ನ ಹೆಸರು, ಅಪ್ಪನ ಹೆಸರು, ಊರು ಬರೆದ. ಆಮೇಲೆ ಡಬ್ಬಿ ಕೈಯಿಂದ ಕೈಗೆ, ಕೋಟಿನಿಂದ ಕೋಟಿಗೆ ಹೋಯಿತು.

ಕರ್ನಲ್ ಬಂದ, ಗುಂಡಿಗಳನ್ನು ನೋಡಿದ, ಮಾಂಸದ ಪಲಾವು ತಿಂದ. ಸಂಜೆ ಅವನಿನ್ನೂ ಜೀಪಿಗೆ ಒರಗಿ ಹಲ್ಲು ಕೆದಕುತ್ತಿದ್ದಾಗಲೇ ತೋಶ್ಮತ್‌ಗೆ ಆತುರ. ಗುಲ್‌ನಜರನ ಕೋಟು ಬಿಚ್ಚಿಸಿ ಒಳಗು ನೋಡಿದ.

“ಥೂ, ಇದನ್ನ ಇನ್ಯಾವ ನನ್ಮಗ ಕೊಂಡ್ಕತಾನೆ?”

ಮಾತು ಕರ್ನಲ್‌ಗೂ ಕೇಳಿಸಿತು. ಅವನು ಇನ್ನೊಂದು ಹಲ್ಲಿನ ಸಂದಿಗೆ ಹೋದ.

ತೋಶ್ಮತ್ ಕೋಟನ್ನು ನೆಲಕ್ಕೆಸೆದು ನನ್ನ ಕೈ ಎಳೆದು ಮೂಸಿದ. “ನಿಂದೇ ಕಣ್ಲಾ ಈ ಕೆಲ್ಸ. ಪುಡಿ ನಾರ್ತಾದೆ.”

“ಕಕ್ಕಸು ತೊಳ್ದೋನ ಕೈ ಅತ್ತರು ನಾರ್ತದಾ ಸಾಹೇಬ್ರೆ? ಪಕ್ಕದೋನ್ದೂ ನೋಡಿ.”

ಪಕ್ಕದವನ ಕೈ ಮೂಸಿದ. ಅವನಾಚೆಯವನದೂ. ಆಮೇಲೆ ಕೇಳುವ ಮೊದಲೇ ಒಬ್ಬೊಬ್ಬನೂ ಅಂಗೈ ಚಾಚಿದ. ಜಮಾದಾರ ನಾಯಿಯ ಹಾಗೆ ಮೂಗು ಮುಂದೆ ಮಾಡಿಕೊಂಡು ಸಾಲಿನುದ್ದಕ್ಕೂ ಮೂಸುತ್ತ ನಡೆದ. ಪುಡಿಯ ಘಾಟಿಗೆ ಕೊನೆಗೆ ಅವನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಗುಲ್‌ನಜರ್ ನೆಲದ ಮೇಲಿನ ಕೋಟು ಎತ್ತಿಕೊಂಡು, ಧೂಳು ಕೊಡವಿ, ತೊಟ್ಟು, ಕೊರಳಿನವರೆಗೂ ಗುಂಡಿ ಹಾಕಿ ಲಾರಿ ಹತ್ತಿದ್ದ.