ಮೊರದಲ್ಲಿ ಬರೆದ ಹೆಸರು

ಹೆಸರು ಮುದುಕಮ್ಮ, ವಯಸ್ಸು ಮಾತ್ರ ಮೂವತ್ತು ದಾಟಿರಲಿಲ್ಲ. ಹುಟ್ಟಿದಾಗ ಬದುಕುವ ಲಕ್ಷಣ ಕಾಣದೆ, ಮುದುಕಿಯಾಗುವತನಕ ಬಾಳಲಿ ಎಂದು ಅಜ್ಜಿ ಇಟ್ಟ ಹೆಸರು ಅದು. ಬಾಳಿದಳು. ಹಾಗಾಗಿ ಹೆಸರೆಂದರೆ ಜೀವವನ್ನು ಗೂಟಕ್ಕೆ ಕಟ್ಟುವ ಹಗ್ಗ ಎಂದು ಅವಳು ನಂಬಿದ್ದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ.

ಅವಳ ಮೊದಲ ಎರಡು ಕೂಸುಗಳು ತೊಟ್ಟಿಲಲ್ಲೇ ಹೋದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಲಿಂಗಸುಗೂರಿನಿಂದ ಮುದಗಲ್ಲಿಗೆ ನಡೆದುಹೋಗಿ ಮೊಹರಮ್ಮಿನ ಅಲಾಯಿ ದೇವರ ಮುಂದೆ ಸೆರಗೊಡ್ಡಿದಳು: "ಇದೊಂದು ಉಳಸಪ್ಪಾ, ನಿನ್ನ ಹೆಸರ ಇಡ್ತೀನಿ." ಉಳಿಯಿತು. ಹುಸೇನಮ್ಮ ಎಂದು ಕರೆದರು. ಮನೆದೇವರು ವೀರಭದ್ರ, ಮಗಳ ಹೆಸರು ಹುಸೇನಮ್ಮ. ಆ ಓಣಿಯಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಅಂಥ ಹೆಸರಿನವರು ಮನೆಗೊಬ್ಬರಿದ್ದರು.

ಹುಸೇನಮ್ಮನಿಗೀಗ ಎಂಟು. ನಿಜಾಮನ ಕಾಲ ಮುಗಿದು ನಾಲ್ಕು ವರ್ಷವಾಗಿತ್ತು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು. ಮಾಸ್ತರರೇ ತಡವರಿಸುವಾಗ ಮಕ್ಕಳ ಪಾಡೇನು? ಪೇಟೆಯ ಹಿಂದಿನ ಓಣಿಯ ಮಕ್ಕಳು ಶಾಲೆ ಬಿಟ್ಟೊಡನೆ ಗಾಡಿಗಳ ಹಿಂದೆ ಓಡಿ, ಚೀಲದಿಂದ ಉದುರಿದ ಶೇಂಗಾ ಆರಿಸುತ್ತ ತಿರುಗುತ್ತಿದ್ದವು. ಅದನ್ನು ನೋಡಲಾರದೆ ಮಠದವರು ಪಡಸಾಲೆಯಲ್ಲಿ ಸಂಜೆ ಶಾಲೆ ತೆರೆದರು. ಹಣೆಗೆ ವಿಭೂತಿ, ಬಾಯಿಗೆ ವಚನ, ಪಾಟಿಯ ಮೇಲೆ ಅಕ್ಷರ, ಕೊನೆಗೆ ತಿನ್ನಲು ಒಂದು ಹಿಡಿ ಪುಠಾಣಿ. ಹನ್ನೊಂದು ಮಕ್ಕಳಿಂದ ಶುರುವಾದದ್ದು ಎರಡೇ ವರ್ಷದಲ್ಲಿ ಅರವತ್ತಾಯಿತು. ಮಸ್ಕಿಯಲ್ಲೊಂದು, ಸಿಂಧನೂರಿನಲ್ಲೊಂದು ಹುಟ್ಟಿಕೊಂಡವು. ಎಲ್ಲಾ ಪುಠಾಣಿಯ ಮಹಿಮೆ ಎಂದು ಕೆಲವರು ಆಡಿಕೊಂಡರು. ಆಡಿಕೊಳ್ಳಲಿ, ಪುಠಾಣಿಗೆ ಹೋದವರೂ ಅಕ್ಷರ ಕಲಿತೇ ಬಂದರು.

ಮುದುಕಮ್ಮ ಪೇಟೆಯಲ್ಲಿ ಅಮರಗುಂಡಪ್ಪನ ಅಂಗಡಿಯಲ್ಲಿ ಕಾಳು ಹಸನು ಮಾಡುವವಳು. ಗಂಡ ತುಂಗಭದ್ರೆಯ ಅಣೆಕಟ್ಟಿನ ಕೆಲಸಕ್ಕೆ ಹೋದವನು ಹಬ್ಬಕ್ಕೊಮ್ಮೆ ಬರುತ್ತಿದ್ದ. ತನ್ನ ಕೈಯ ಮೊರ ಮಗಳ ಕೈಗೆ ಬರಬಾರದು ಎಂಬುದೊಂದೇ ಅವಳ ಆಸೆ. ದಿನಾ ಸಂಜೆ ಅಂಗಡಿಯಿಂದ ಬರುವಾಗ ಮಠದ ಗೋಡೆಯಾಚೆ ನಿಂತು, ಒಳಗೆ ಹಾಜರಿ ಕೂಗುವುದನ್ನು ಕೇಳಿಸಿಕೊಂಡೇ ಮನೆಗೆ ಹೋಗುತ್ತಿದ್ದಳು.

ಕೆಲಸ ಬೆಳೆದರೆ ಮೇಲೊಬ್ಬರು ಬೇಕಲ್ಲ. ಮೂರೂ ಊರಿನ ಸಂಜೆ ಶಾಲೆ ನೋಡಿಕೊಳ್ಳಲು ಮೈಸೂರು ಸೀಮೆಯಿಂದ ಸದಾಶಿವಯ್ಯ ಎಂಬವರು ಬಂದರು. ಕೆಟ್ಟವರಲ್ಲ, ಮಕ್ಕಳ ಕಜ್ಜಿಗೆ ತಾವೇ ಮುಲಾಮು ಹಚ್ಚುವಂಥವರು. ಬಂದ ದಿನವೇ ಅವರ ದನಿ ಗೋಡೆ ದಾಟಿ ಮುದುಕಮ್ಮನ ಕಿವಿಗೆ ಬಿತ್ತು.

"ಹಂಪಣ್ಣನವರೇ, ಇದೇನಿದು ಹುಸೇನಮ್ಮ? ಸಾಬರ ಹುಡುಗಿಗೆ ವಿಭೂತಿ ಹಚ್ಚಿಸಿದ್ದೀರಾ? ಅವರ ಮನೆಯವರು ಜಗಳಕ್ಕೆ ಬಂದರೆ?"

ಹಂಪಣ್ಣ ಇದೇ ಊರಿನ ಮಾಸ್ತರು, ನಕ್ಕುಬಿಟ್ಟರು. "ಸಾಬರಾಕಿ ಅಲ್ರೀ. ನಮ್ಮ ಮುದುಕಮ್ಮನ ಮಗಳು. ಇಲ್ಲೆ ಹಂಗ ಹೆಸರಿಡ್ತಾರ್ರೀ."

"ಇಡಲಿ. ಆದರೆ ನನ್ನ ವರದಿ ಓದುವವರು ದೂರದವರು. ಅವರಿಗೆ ಯಾರು ಬಿಡಿಸಿ ಹೇಳುತ್ತಾರೆ? ಶಿವಲೀಲಾ ಅಂತ ಬರೆದಿದ್ದೇನೆ. ಸೋಮವಾರ ತಾಯಿ ಬಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿ. ಒತ್ತದಿದ್ದರೆ ಹುಡುಗಿಯನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲಾರೆ."

ಆಮೇಲೆ ಹಾಜರಿ. "ಶಿವಲೀಲಾ." ಯಾರೂ ಓಗೊಡಲಿಲ್ಲ. "ನೀನೇ ಕಣಮ್ಮಾ." "ಹಾಜರ್ ರೀ" ಎಂದಿತು ಮಗಳ ಸಣ್ಣ ದನಿ. ಹಗ್ಗ ಬಿಚ್ಚಿದರು ಎನಿಸಿತು ಮುದುಕಮ್ಮನಿಗೆ.

ಎರಡು ದಿನಕ್ಕೆ ಹುಡುಗಿಗೆ ಜ್ವರ. ಗಾಳಿ ತಿರುಗಿದಾಗ ಓಣಿಯ ಅರ್ಧ ಮಕ್ಕಳಿಗೆ ಬರುವ ಜ್ವರವೇ. ಆದರೆ ಹೆದರುವವರ ಮೇಲೆ ಹಾವು ಎಸೆದಂತಾಯಿತು. ಪಕ್ಕದ ಮನೆಯ ಯಂಕಮ್ಮ ಬೇರೆ ಹೊಸ್ತಿಲಲ್ಲಿ ನಿಂತು, "ಕೊಟ್ಟ ಹೆಸರ ಕಸ್ಕೊಂಡ್ರ ದೇವ್ರು ಸುಮ್ನ ಇರ್ತಾನೇನಬೇ?" ಎಂದು ಹೋದಳು. ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಮುದುಕಮ್ಮ ಮಗಳ ಹಣೆಯಿಂದ ಕೈ ತೆಗೆಯಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಮಗಳು ಉಳಿಯುತ್ತಾಳೋ ಇಲ್ಲವೋ. ಒತ್ತದಿದ್ದರೆ ಅಕ್ಷರ ಹೋಯಿತು. ಅತ್ತ ದರಿ, ಇತ್ತ ಪುಲಿ.

ಭಾನುವಾರ ಬೆಳಗ್ಗೆ ಜ್ವರ ಇಳಿಯಿತು. ತಾಯಿ ಮೊರ ಹಿಡಿದು ಕೂತಲ್ಲೇ ಕಣ್ಣೊರೆಸಿಕೊಳ್ಳುವುದನ್ನು ಕಂಡು ಹುಡುಗಿ ಪಕ್ಕಕ್ಕೆ ಬಂದು ಕೂತಳು.

"ಯವ್ವಾ, ಅಳಬ್ಯಾಡ. ಅವ್ರು ಶಿವಲೀಲಾ ಅಂದಾಗ ನಾ ಮೊದ್ಲು ಪಾಟಿ ಮ್ಯಾಲ ನನ್ನ ಹೆಸರ ಬರೀತೀನಿ. ಆಮ್ಯಾಲ ಹಾಜರ್ ಅಂತೀನಿ. ದೇವ್ರು ಓದ್ಕೋತಾನ."

"ಅಂವಗ ಕನ್ನಡ ಎಲ್ಲಿ ಬರ್ತೈತಿ ಹುಚ್ಚೀ? ಅಂವ ಉರ್ದು ಓದಾಂವ."

"ಈಗ ಎಲ್ಲಾರೂ ಕನ್ನಡ ಕಲ್ಯಾಕತ್ಯಾರ. ಅವನೂ ಕಲ್ತಿರ್ತಾನ."

ನಾಲ್ಕು ದಿನದಲ್ಲಿ ಮೊದಲ ಸಲ ಮುದುಕಮ್ಮ ನಕ್ಕಳು. ನಗು ಬಂದದ್ದಕ್ಕೇ ಮತ್ತಷ್ಟು ಅಳು ಬಂತು. "ಹೆಂಗ ಬರೀತಿ? ತೋರ್ಸು" ಎಂದಳು.

ಹುಡುಗಿ ಮೊರದ ಜೋಳವನ್ನು ಸಮನಾಗಿ ಹರಡಿ ತಾಯಿಯ ಬೆರಳು ಹಿಡಿದಳು. ಹು. ಸೇ. ನ. ಮ್ಮ. ನಾಲ್ಕೇ ಅಕ್ಷರ. ಆ 'ಸೇ' ಮಾತ್ರ ಹಟಮಾರಿ, ಅದರ ದೀರ್ಘ ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಮುದುಕಮ್ಮ ಬರೆದಳು, ಮೊರ ಕೊಡವಿದಳು, ಮತ್ತೆ ಬರೆದಳು. ರೊಟ್ಟಿಗೆ ಬೀಸಬೇಕಿದ್ದ ಜೋಳ ಮಧ್ಯಾಹ್ನದವರೆಗೆ ಮೊರದಲ್ಲೇ ಉಳಿಯಿತು.

ಸೋಮವಾರ ಮುದುಕಮ್ಮ ಮಠದ ಮೆಟ್ಟಿಲು ಹತ್ತಿದಳು. ಹೆಬ್ಬೆಟ್ಟು ಒತ್ತಿಬಿಡುವುದೆಂದೇ ಅವಳು ಹೊರಟಿದ್ದಳು. ಬಡವರ ಹಟ ಎಷ್ಟು ದಿನ ನಡೆದೀತು? ಸದಾಶಿವಯ್ಯ ಕಾಗದ ಬಿಡಿಸಿದರು. ಹಂಪಣ್ಣ ಮಾಸ್ತರು ಮುಖ ತಗ್ಗಿಸಿಕೊಂಡು ಮಸಿ ಮುಂದಿಟ್ಟರು. ಮುದುಕಮ್ಮ ಕೈ ಚಾಚಿದಳು. ಹೆಬ್ಬೆರಳು ಮಸಿಯ ಹತ್ತಿರ ಹೋಗಿ ನಿಂತುಬಿಟ್ಟಿತು, ಮುಂದೆ ಹೋಗಲೊಲ್ಲದು.

"ಲೇಖಣಿ ಕೊಡ್ರೀ" ಎಂದಳು. ಅಂದದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಲೇಖಣಿಯನ್ನು ಸೌಟು ಹಿಡಿದಂತೆ ಹಿಡಿದು ಬರೆದಳು. ಮಸಿ ಚೆಲ್ಲಿತು. 'ಸೇ' ಗೆರೆಯಿಂದ ಕೆಳಕ್ಕೆ ಜಾರಿತು. ಆದರೂ ನಾಲ್ಕೂ ಅಕ್ಷರ ಬಂದವು.

ಸದಾಶಿವಯ್ಯ ಓದಿ ತಲೆಯೆತ್ತಿದರು. "ನಿನ್ನ ಹೆಸರು ಮುದುಕಮ್ಮ ಅಲ್ಲವೇನಮ್ಮಾ?"

"ಹೌದ್ರೀ. ಅದನ್ನ ಬರಿಯಾಕ ಬರೂದಿಲ್ರೀ. ನನಗ ಬರೂದು ಇದೊಂದ. ನಿಮ್ಮ ಸಾಲ್ಯಾಗ ಕಲ್ತು ಆಕಿ ನನಗ ಕಲಿಸ್ಯಾಳ." ಲೇಖಣಿ ಕೆಳಗಿಟ್ಟಳು. "ಎರಡು ಕೂಸು ಮಣ್ಣಿಗೆ ಕೊಟ್ಟೀನ್ರೀ. ಈ ಹೆಸರ ಹಿಡಕೊಂಡು ಇದೊಂದು ಉಳದೈತಿ. ಸಾಲಿನೂ ಬೇಕ್ರೀ ನನಗ, ಮಗಳೂ ಬೇಕ್ರೀ."

ಸದಾಶಿವಯ್ಯ ಮಸಿ ಆರಿತೇ ಎಂದು ನೋಡಿ ಕಾಗದ ಮಡಚಿ ಕಿಸೆಗಿಟ್ಟುಕೊಂಡರು. "ಹಾಜರಿಯ ಹೊತ್ತಾಯಿತು. ನೀನು ಹೋಗಮ್ಮಾ" ಎಂದರು.

ಹೋಗಮ್ಮಾ ಎಂದರೆ ಏನರ್ಥ? ಮನೆಗೋ, ಮಗಳನ್ನೂ ಕರೆದುಕೊಂಡೋ? ಮುದುಕಮ್ಮ ಗೋಡೆಯಾಚೆ ತನ್ನ ಜಾಗದಲ್ಲಿ ನಿಂತಳು. ಹೆಸರುಗಳು ಒಂದೊಂದಾಗಿ ಬಂದವು. ಗಿಡ್ಡಪ್ಪ ಎಂದರು, ಅವನ ನಂತರದ್ದೇ ಮಗಳದು. ಪುಟ ತಿರುವಿದ ಸದ್ದಾಯಿತು. ಲೇಖಣಿ ಕಾಗದದ ಮೇಲೆ ಗೀರಿದ ಸದ್ದಾಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹುಸೇನಮ್ಮ."

"ಹಾಜರ್ ರೀ!"

ಕೂಗಿದವಳು ಗೋಡೆಯಾಚೆಯ ತಾಯಿ. ಒಳಗೆ ಅರವತ್ತು ಮಕ್ಕಳು ಘೊಳ್ಳೆಂದು ನಕ್ಕವು. ಆ ನಗು ತಗ್ಗಿದ ಮೇಲೆ ಇನ್ನೊಂದು ಸಣ್ಣ ದನಿ "ಹಾಜರ್ ರೀ" ಎಂದಿತು.